ಅಚ್ಚಿನೊಳಗಿನ ಗೀರು

ಮೊದಲು ಮೇಣ.
ಏಳು ಸಲ ಸವರಬೇಕು, ಎಂಟನೆಯದು ಅಪನಂಬಿಕೆಗೆ,
ಅನ್ನುತ್ತಾನೆ ಹಾಲ್ವರ್.
ಅಂಟು ಅಚ್ಚನ್ನೇ ಮದುವೆಯಾಗಿಬಿಟ್ಟರೆ
ಬಿಡಿಸಲು ಯಾವ ಕೋರ್ಟಿಗೂ ಆಗದು.

ಮೂವತ್ತೊಂದು ವರ್ಷ ದೋಣಿ ಎರೆದವನು.
ಡುಲೂತ್‌ನ ಕಾರ್ಖಾನೆ ಬಾಗಿಲು ಹಾಕಿದ ದಿನ
ಉಳಿದ ಗಾಜುನಾರಿನ ಸುರುಳಿಗಳನ್ನು ವ್ಯಾನಿಗೆ ತುಂಬಿ ತಂದು
ಗ್ಯಾರೇಜಿನಲ್ಲಿ ರಾಕೆಟ್ಟಿಗೆ ಮೂತಿ ಮಾಡತೊಡಗಿದ.
ಇದೂ ದೋಣಿಯೇ, ಅಂದ,
ನೀರು ಸ್ವಲ್ಪ ತೆಳು, ಅಷ್ಟೇ.

ನಾನು ಶಾಲೆಯ ಬಸ್ಸು ಓಡಿಸುವವಳು.
ಬೆಳಗಿನ ಪಾಳಿಗೂ ಮಧ್ಯಾಹ್ನದ ಪಾಳಿಗೂ ನಡುವೆ
ಅವನಲ್ಲಿ ಕಲಿತೆ:
ಬಟ್ಟೆಯನ್ನು ಓರೆಯಾಗಿ ಕತ್ತರಿಸುವುದು,
ಗಾಳಿಗುಳ್ಳೆಯನ್ನು ಬ್ರಷ್ಷಿನ ತುದಿಯಿಂದ ಕುಟ್ಟಿ ಕುಟ್ಟಿ ಅಂಚಿಗಟ್ಟುವುದು,
ಬಟ್ಟಲಿನ ಎಪಾಕ್ಸಿ ಎಳೆಪಾಕ ದಾಟುವ ಮೊದಲೇ
ಕೈ ತೆಗೆಯುವುದು.
ಆಮೇಲೆ ಕೋಳಿಮರಿಗೆ ಹಿಡಿಯುವ ಕೆಂಪು ದೀಪದ ಕಾವು, ರಾತ್ರಿಯೆಲ್ಲ.
ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ.

ಗಾಜಿನ ಧೂಳು ಮೊಣಕೈ ಮಡಿಕೆಯಲ್ಲಿ ಕೂತು ತುರಿಸುತ್ತದೆ.
ಯಾಕೆ ಕೆರೆದುಕೊಳ್ಳುತ್ತೀ, ಬಸ್ಸಿನ ಮಕ್ಕಳು ಕೇಳುತ್ತಾರೆ.
ಸೊಳ್ಳೆ, ಅನ್ನುತ್ತೇನೆ.
ಜನವರಿಯಲ್ಲಿ.

ಅಚ್ಚು ಎರಡು ಹೋಳು, ಉದ್ದಕ್ಕೆ ಸೀಳಿದ ಸೌತೆಯ ಹಾಗೆ,
ಒಳಮೈ ಕನ್ನಡಿ.
ಎಡಹೋಳಿನ ಬುಡದಿಂದ ಮೂರು ಬೆರಳು ಮೇಲೆ
ಒಂದು ಗೀರು.
ಮೊಟ್ಟಮೊದಲ ಮೂತಿ ಬಿಡದೆ ಕಚ್ಚಿಕೊಂಡಾಗ
ಸ್ಕ್ರೂಡ್ರೈವರ್ ಹಾಕಿ ಮೀಟಿದನಂತೆ.
ಆ ರಾತ್ರಿ ಯಾರೊಡನೆ ಜಗಳವಾಡಿ ಬಂದಿದ್ದನೋ, ಹೇಳಲಿಲ್ಲ.

ಅಚ್ಚಿನಲ್ಲಿ ತಗ್ಗಾದದ್ದು ಎರಕದಲ್ಲಿ ಉಬ್ಬು.
ಅಲ್ಲಿಂದೀಚೆಗೆ ಹುಟ್ಟಿದ ಒಂದೊಂದು ಮೂತಿಗೂ
ಅದೇ ಜಾಗದಲ್ಲಿ ಅದೇ ಗೆರೆ.
ಮರಳುಕಾಗದ ಹಿಡಿದು ಉಜ್ಜುವುದು, ಅಳಿಸುವುದು,
ಮುಂದಿನದಕ್ಕೆ ಮತ್ತೆ ಉಜ್ಜುವುದು.
ಅಚ್ಚನ್ನೇ ಯಾಕೆ ತುಂಬಿಬಿಡಬಾರದು, ಕೇಳಿದೆ.
ಮುಖವಾಡ ತೆಗೆಯದೆ ಏನೋ ಅಂದ.
ಕೇಳಿಸಲಿಲ್ಲ.

ಈ ಚಳಿಗಾಲ ಅವನ ಕೈ ನಡುಗುತ್ತದೆ.
ಹೀಟರಿನ ಪಕ್ಕ ಕೂತು ಬರೀ ಬಯ್ಯುತ್ತಾನೆ.
ಒಂದಿಡೀ ರಾಕೆಟ್ಟು ನಾನೊಬ್ಬಳೇ ಮಾಡಿದ್ದು ಇದೇ ಮೊದಲು.
ಹೊತ್ತಾಗಿತ್ತು. ಗೆರೆ ಉಜ್ಜಲಿಲ್ಲ.
ಅದರ ಮೇಲೇ ಹಳದಿ ಬಣ್ಣ ಹೊಡೆದೆ.

ಫೆಬ್ರವರಿ, ಹೆಪ್ಪುಗಟ್ಟಿದ ಸರೋವರ.
ಐದು, ನಾಲ್ಕು —
ಮೂರು ಅನ್ನುವಾಗ ಕಾಲಡಿಯ ಮಂಜುಗಡ್ಡೆ ಒಮ್ಮೆ ನರಳಿತು.
ಹೋಯಿತು.
ಕತ್ತು ಎತ್ತಿದ್ದು ಎತ್ತಿದ ಹಾಗೇ, ಹದಿನಾರು ಸೆಕೆಂಡು.
ತುತ್ತತುದಿಯಲ್ಲಿ ಒಂದು ಬಿಳಿ ಚುಕ್ಕೆ, ತಡವಾಗಿ ಸದ್ದು.
ಕೊಡೆ ಬಿಚ್ಚಿ ಒಡಲು ಇಳಿದು ಬಂತು.
ಮೂತಿ ಮಾತ್ರ ಹಗ್ಗ ಬಿಟ್ಟು
ಆಚೆ ದಡದ ಕಡೆಗೆ ಬಿತ್ತು.
ಆ ಗಂಟು ನಾನು ಹಾಕಿದ್ದು.
ಹಾಲ್ವರ್ ಬಯ್ಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು.

ಮರುವಾರ ಟೂಫೆಂಗ್ ಲೋರ್ ಬಂದ,
ಮಂಜಿನಲ್ಲಿ ತೂತು ಕೊರೆದು ವಾಲೈ ಮೀನು ಹಿಡಿಯುವವನು.
ಒಂದು ಕಂಕುಳಲ್ಲಿ ನನ್ನ ಹಳದಿ ಮೂತಿ.
ಇನ್ನೊಂದರಲ್ಲಿ ತುದಿ ಕೊಯ್ದ ಹಳೆಯದೊಂದು,
ಬಣ್ಣ ಸುಲಿದು ಬೂದಿಯಾದದ್ದು.
ಹನ್ನೆರಡು ವರ್ಷದ ಹಿಂದೆ ಜೊಂಡಿನಲ್ಲಿ ಸಿಕ್ಕಿತಂತೆ,
ಅಂದಿನಿಂದ ಅವನಿಗೆ ಅದೇ ಆಲಿಕೆ,
ಮರಿಮೀನು ಬಕೆಟ್ಟಿಗೆ ಸುರಿಯಲು.
ಎರಡರಲ್ಲೂ ಇಲ್ಲಿ ಏನೋ ಇದೆ ನೋಡಿ, ಅಂದ,
ಹೆಬ್ಬೆರಳಿಟ್ಟು ತೋರಿಸಿದ. ಅದಕ್ಕೇ ಕೇಳಿಕೊಂಡು ಬಂದೆ.

ಹಾಗಾದರೆ ಅವನೂ ಒಂದನ್ನು ಉಜ್ಜದೆ ಬಿಟ್ಟಿದ್ದ.
ನಾನು ಹಾಲ್ವರನತ್ತ ನೋಡಿದೆ.
ಅವನು ಎರಡನ್ನೂ ತೊಡೆಯ ಮೇಲಿಟ್ಟುಕೊಂಡು
ಕಣ್ಣು ಮುಚ್ಚಿ, ನಡುಗುವ ಬೆರಳಲ್ಲಿ,
ಇದರ ಗೆರೆ, ಅದರ ಗೆರೆ, ಮತ್ತೆ ಇದರ ಗೆರೆ.

ನನ್ನದು ಸ್ವಲ್ಪ ಎತ್ತರ, ಅಂದ.