ಅರ್ಜಿ ಸಂಖ್ಯೆ ಹನ್ನೊಂದು

ನಮ್ಮ ನಿಧಿಯ ಕಚೇರಿ ಎಂದರೆ
ಫ್ರೇಜರ್‌ಬರ್ಗ್ ಬಂದರಿನ ಹಿಂದೆ, ದೋಣಿಬಣ್ಣದ ಅಂಗಡಿಯ ಮೇಲೆ
ಒಂದು ಕೋಣೆ, ಒಂದು ಹೀಟರು, ನಾನು.
ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ.
ವರ್ಷಕ್ಕೆ ಹಂಚಲು ಸಿಗುವುದು ಸಾವಿರದ ಇನ್ನೂರು ಪೌಂಡು,
ಬರುವ ಅರ್ಜಿ ಮೂವತ್ತು.
‘ವಿಷಾದಿಸುತ್ತೇವೆ’ ಎಂಬುದು
ಕಣ್ಣು ಮುಚ್ಚಿದರೂ ನನ್ನ ಬೆರಳಿಗೆ ಬರುತ್ತದೆ.

ಹನ್ನೊಂದನೆಯದು ಮೋರ್ವೆನ್ ಡಥೀ, ವಯಸ್ಸು ಹದಿನೆಂಟು.
ಲೀಡ್ಸಿನ ನೃತ್ಯಶಾಲೆಯಲ್ಲಿ ಸೀಟು ಸಿಕ್ಕಿದೆ.
ವರ್ಷಕ್ಕೆ ಫೀಸು ಹದಿನೈದು ಸಾವಿರ,
ವಿದ್ಯಾರ್ಥಿವೇತನ ಹತ್ತು.
ಉಳಿದ ಐದನ್ನು ಹೊಂದಿಸುವ ಬಗೆ
ಚೌಕಳಿ ಹಾಳೆಯಲ್ಲಿ, ಪೆನ್ಸಿಲಿನಲ್ಲಿ:

ಅಮ್ಮನ ರಾತ್ರಿಪಾಳಿ, ಮೀನು ಕಾರ್ಖಾನೆ, ಒಂದೂವರೆ ಸಾವಿರ.
ಮಾವ ವ್ಯಾನು ಮಾರಿ ಕೊಟ್ಟದ್ದು ಎಂಟುನೂರು.
ತಾನು ಶನಿವಾರ ಚಿಪ್ಸ್ ಕರಿದರೆ ಒಂಬೈನೂರು.
ಅಜ್ಜ, ಇನ್ನೂರು. ಪಕ್ಕದಲ್ಲಿ ಪ್ರಶ್ನೆಚಿಹ್ನೆ.
(ಕುದುರೆ ಬಾಲ ಹಿಡಿದ ಅಜ್ಜ ಇರಬೇಕು ಅಂದುಕೊಂಡೆ.)

ಕೆಳಗೆ ಬೇರೆ ಶಾಯಿ:
ಆಡಿಷನ್ನು ನಾಲ್ಕು ಕಡೆ, ತಲಾ ನಲವತ್ತು.
ಕುಣಿಯಲು ಬರುತ್ತದೋ ಇಲ್ಲವೋ
ನೋಡುವುದಕ್ಕೂ ದುಡ್ಡು.
ಶೂ, ಜೊತೆಗೆ ನಲವತ್ತೈದು. ಬಾಳಿಕೆ ಹನ್ನೆರಡು ಗಂಟೆ.
ಎರಡು ಸಲ ಓದಿದೆ.
ಹನ್ನೆರಡು ಗಂಟೆ.
ನನ್ನ ಗಂಡನ ಬೂಟು ಅವನಿಗಿಂತ ಹೆಚ್ಚು ಬಾಳಿತು.

ಗುರುವಾರ ಸಮಿತಿ. ನಾಲ್ವರು, ಟೀ, ಬೆಣ್ಣೆ ಬಿಸ್ಕತ್ತು.
ಮಿಸ್ಟರ್ ಟೇಟ್ ಅರಗಿನ ಮುದ್ರೆಯ ಕರಾರುಪತ್ರ ಬಿಡಿಸಿದರು:
‘ಹೆರಿಂಗ್ ಮೀನು ಸೀಳಿದ ಹೆಂಗಸರ ಸಂತತಿಗೆ,
ಕೈಕಸುಬು ಕಲಿಯಲು.’
‘ಕೈಕಸುಬು,’ ಅಂದರು. ‘ಇದು ಕಾಲಿನದು.’
ನಕ್ಕರು. ನಾನೂ ನಕ್ಕೆ,
ನನ್ನ ಸಂಬಳದ ಚೆಕ್ಕಿಗೆ ಅವರದೇ ಸಹಿ.
ಕುಣಿಯಲಾರದವಳಿಗೆ ನೆಲ ಡೊಂಕು,
ಕೊಡಲಾರದವರಿಗೆ ಕಾಗದ ಡೊಂಕು.

‘ಇನ್ನೇನಾದರೂ ಹೇಳುವುದಿದೆಯೇ’ ಎಂಬ ಚೌಕದಲ್ಲಿ
ಎಲ್ಲರೂ ಕನಸು ಅಂತ ಬರೆಯುತ್ತಾರೆ.
ಇವಳು ಬರೆದದ್ದು:
‘ಬೆಳಿಗ್ಗೆ ಎಂಟಕ್ಕೆ ಮುಂಚೆ ಬೆರಳಿಗೆಲ್ಲ ಬಟ್ಟೆ ಸುತ್ತಿಕೊಳ್ಳಬೇಕು,
ಒಂದೊಂದಕ್ಕೇ. ಟೇಪಿಗೆ ವಾರಕ್ಕೆ ಮೂರು ಪೌಂಡು.
ಲೆಕ್ಕದಲ್ಲಿ ಸೇರಿಸಲು ಮರೆತಿದ್ದೆ. ಕ್ಷಮಿಸಿ.’

ನನ್ನಜ್ಜಿ ಎಲ್ಸ್‌ಪೆತ್ ಹಿಟ್ಟಿನ ಚೀಲ ಹರಿದು
ಹೀಗೇ ಸುತ್ತುತ್ತಿದ್ದಳು, ಕೈಬೆರಳಿಗೆ,
ದಾರ ಹಲ್ಲಲ್ಲಿ ಕಚ್ಚಿ ಗಂಟು.
ಚೂರಿಗೆ ಹೆದರಿದ್ದಕ್ಕಿಂತ ಉಪ್ಪಿಗೆ ಹೆದರಿದಳು.
ಮೀನಿನ ಬೆನ್ನು ಹಿಡಿದು ಯಾರ್ಮತ್ತಿನವರೆಗೆ ಹೋದಳು,
ಪೀಪಾಯಿ ಲೆಕ್ಕದ ಕೂಲಿ, ನಿಮಿಷಕ್ಕೆ ಅರವತ್ತು ಮೀನು.
ಆ ಕೈಗಳನ್ನು ನೋಡಲೆಂದೇ
ಪೇಟೆಯವರು ಬಂದು ನಿಲ್ಲುತ್ತಿದ್ದರಂತೆ.
ನೋಡಿದ್ದಕ್ಕೆ ಯಾರೂ ಕಾಸು ಕೊಡಲಿಲ್ಲ.

ಇದನ್ನು ಸಮಿತಿಗೆ ಹೇಳಲಿಲ್ಲ.
ಹೇಳಿದ್ದರೆ ಅಳು ಬರುತ್ತಿತ್ತು,
ಅಳು ನಡಾವಳಿಯಲ್ಲಿ ಬರೆಯುವಂಥದ್ದಲ್ಲ.
ಎದ್ದು, ಬೀರುವಿನ ತಳದಿಂದ
ಪೀಪಾಯಿ ರಿಜಿಸ್ಟರು ತಂದು ಬಿಸ್ಕತ್ತಿನ ತಟ್ಟೆಯ ಮೇಲೇ ಇಟ್ಟೆ.
ಪುಟ ಮೂವತ್ತೊಂದು, ಜೀನಿ ಡಥೀ.
ಸಹಿ ಬಾರದೆ ಹಾಕಿದ ಗುರುತು,
ಪಕ್ಕದಲ್ಲಿ ಮೀನಿನ ಪೊರೆ, ಈಗಲೂ ಅಂಟಿಕೊಂಡಿದೆ.
ಟೇಟ್ ಅದನ್ನು ಉಗುರಿನಿಂದ ಮುಟ್ಟಿದರು.
ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.
‘ಟೀ ಆರಿತು,’ ಅಂದರು.

ನಾನೂರ ಐವತ್ತು ಮಂಜೂರು.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಹತ್ತು ಜೊತೆ ಶೂ, ನೂರಿಪ್ಪತ್ತು ಗಂಟೆ.
ಇನ್ನೂ ಸಾವಿರದ ನೂರ ಐವತ್ತು ಬೇಕು,
ಅಜ್ಜನ ಕುದುರೆ ಗೆದ್ದರೂ.

ಪತ್ರ ಟೈಪು ಮಾಡುವಾಗ ಬೆರಳು
ಅಭ್ಯಾಸಬಲದಲ್ಲಿ ‘ವಿಷಾ’ ಎಂದು ಹೊಡೆಯಿತು.
ಅಳಿಸಿದೆ.
ಲಕೋಟೆಗೆ ಮೂರು ಪೌಂಡು ಹಾಕಿದೆ, ಟೇಪಿಗೆ.
ಯಾವ ಲೆಕ್ಕಕ್ಕೂ ಬರೆಯಲಿಲ್ಲ.
ಆಮೇಲೆ ಹನ್ನೆರಡನೆಯದು ತೆಗೆದೆ:
ಹುಡುಗ, ಹತ್ತೊಂಬತ್ತು, ವೆಲ್ಡಿಂಗ್.