ಮಡಚುವ ಕುರ್ಚಿಗಳು

ಮೊದಲ ಕರಡಿನಲ್ಲಿ "ಕೊನೆಯ ಪಯಣ" ಎಂದು ಬರೆದಿದ್ದೆ.
ಟರ್ಲಾ ಲಾವೆಲ್ ಕನ್ನಡಕ ಹಣೆಗೇರಿಸಿ ಕೇಳಿದ:
"ಯಾವ ಪಯಣ? ಇಲ್ಲಿಂದ ಸ್ಮಶಾನಕ್ಕೆ
ಎರಡೇ ಮೈಲಿ."

ಬೆಲ್‌ಮುಲೆಟ್ಟಿನಲ್ಲಿ ನನಗೆ ಆರು ಗಿರಾಕಿಗಳು:
ಮೀನಿನಂಗಡಿ, ಹೇರ್ ಸಲೂನು, ಟ್ರ್ಯಾಕ್ಟರ್ ಟೈರು,
ಅಕ್ಕತಂಗಿಯರ ಒಂದು ಬೇಕರಿ, ಸರ್ಫಿಂಗ್ ಕಲಿಸುವ ಹುಡುಗ.
ಆರನೆಯವನು ಇವನು, ಹೆಣ ಸಾಗಿಸುವವನು.
ಮೂರು ತಲೆಮಾರಿನ ಕಸುಬು. ಪೇಜು ಮಾತ್ರ ಹೊಸದು,
ಮಗಳು ಗ್ರಾನ್ಯ ಹಟ ಹಿಡಿದದ್ದಕ್ಕೆ.

ಮೀನಿಗೆ ಬರೆಯುವುದು ಸುಲಭ.
ಬೆಳಿಗ್ಗೆ ಏಳಕ್ಕೆ ಒಂದು ಹೊಳೆವ ಬಂಗುಡೆ,
ಮೂರು ಪದ, ಕೆಳಗೊಂದು ಬಟನ್ನು: ಈಗಲೇ ಕಾಯ್ದಿರಿಸಿ.
ಇವನ ಪೇಜಿಗೆ ಯಾವ ಬಟನ್ನು ಹಾಕಲಿ?
"ಈಗಲೇ" ಎಂಬ ಪದವನ್ನೇ ಮೊದಲು ಅಳಿಸಿದೆ.
ಆಮೇಲೆ "ನಿಮಗಾಗಿ ಕಾಯುತ್ತಿದ್ದೇವೆ".
ಆಮೇಲೆ "ಮತ್ತೆ ಮತ್ತೆ ಬರುವ ಗ್ರಾಹಕರು".
ರಿಯಾಯಿತಿ, ಅವಕಾಶ, ಕೊನೆಯ ದಿನ...
ನನ್ನ ಚೀಲದ ಪದಗಳೆಲ್ಲ
ಅವನ ಮೇಜಿನ ಮೇಲೆ ಬಿದ್ದ ಕೂಡಲೇ
ತಣ್ಣಗಾಗಿ ನನ್ನನ್ನೇ ನೋಡತೊಡಗಿದವು.

ಬಣ್ಣದ್ದೂ ಅದೇ ಪಾಡು.
ಬೂದು ಹಾಕಿದರೆ ಬ್ಯಾಂಕು, ತಿಳಿನೀಲಿಗೆ ಹಲ್ಲಿನ ಡಾಕ್ಟರು.
ಬಿಳಿ ಲಿಲ್ಲಿಯ ಚಿತ್ರ ಹುಡುಕಿ ತಂದರೆ
ಅದರ ಮೈಮೇಲೆ ಅಡ್ಡಡ್ಡ ಮಾರುವವರ ಹೆಸರು.
"ಇಲ್ಲಿ ಯಾರೂ ಲಿಲ್ಲಿ ತರೋದಿಲ್ಲ," ಅಂದ ಟರ್ಲಾ.
"ಸ್ಯಾಂಡ್‌ವಿಚ್ ತರ್ತಾರೆ."

ಆ ಮಾತು ಬರೆದುಕೊಂಡೆ. ಎಲ್ಲಿ ಹಾಕುವುದೆಂದು ತಿಳಿಯಲಿಲ್ಲ.

ಚಹಾ ಕುಡಿದು ಹಿತ್ತಿಲಿಗೆ ಹೋದರೆ
ಗೋಡೆಗೊರಗಿ ಒಣಗುತ್ತಿದ್ದವು ಕುರ್ಚಿಗಳು,
ಮಡಚುವ ಕಬ್ಬಿಣದವು,
ಬೆನ್ನಿಗೆಲ್ಲ ಹಸಿರು ಬಣ್ಣದಲ್ಲಿ ಎಲ್ ಎಂಬ ಅಕ್ಷರ.
"ಇವು?" ಅಂದೆ.
"ಕೊಡ್ತೀವಿ. ಸಾವಿನ ಮನೆಗೆ ಅಂತ ಅಜ್ಜ ತಂದದ್ದು, ಅರವತ್ತು.
ಈಗ ನಾಮಕರಣಕ್ಕೂ ಒಯ್ತಾರೆ, ಇಸ್ಪೀಟಿಗೂ.
ದುಡ್ಡಿಲ್ಲ. ಒರೆಸಿ ತಂದುಕೊಟ್ಟರೆ ಸಾಕು.
ಒರೆಸಿರೋದಿಲ್ಲ."

ಇನ್ನು ಹತ್ತು ನಿಮಿಷದ ಬಿಸಿಲಿತ್ತು. ಫೋನಿನಲ್ಲೇ ತೆಗೆದೆ.
ಒಂದು ಕುರ್ಚಿಯಡಿಗೆ ಯಾವುದೋ ಮಗು ಅಂಟಿಸಿದ ಗಮ್ಮು
ಗುಲಾಬಿಯಾಗಿ ಕಾಣುತ್ತಿತ್ತು. ಕತ್ತರಿಸಲಿಲ್ಲ.
ಬರೆದದ್ದು ಇಷ್ಟೇ:
"ಅರವತ್ತರಲ್ಲಿ ಐವತ್ತೆಂಟು ವಾಪಸ್ ಬಂದಿವೆ.
ಉಳಿದೆರಡು ಯಾರ ಮನೆಯಲ್ಲಿವೆಯೋ, ಅಲ್ಲೇ ಇರಲಿ.
ಬೇಕಾದಾಗ ಕೇಳಿ.
ಲಾವೆಲ್ ಮತ್ತು ಮಗಳು."

ಹ್ಯಾಶ್‌ಟ್ಯಾಗು ಇಲ್ಲ. ಸಂಜೆ ಏಳರ ನಿಯಮವನ್ನೂ ಮರೆತು
ಅವನು ಊಟಕ್ಕೆ ಎದ್ದ ಹೊತ್ತಿಗೆ ಹಾಕಿಬಿಟ್ಟೆ.

ರಾತ್ರಿಯೊಳಗೆ ಊರು ಮಾತಾಡತೊಡಗಿತು.
ಒಂದು ನಮ್ಮ ಕೊಟ್ಟಿಗೆಯಲ್ಲಿದೆ, ಕರು ಹಾಕುವ ರಾತ್ರಿ ಕೂತ್ಕೋತೀನಿ, ಕ್ಷಮಿಸಿ.
ಆ ಕುರ್ಚಿಯಲ್ಲಿ ಕೂತಾಗಲೇ ನನ್ನ ಗಂಡನ ಪರಿಚಯವಾದದ್ದು,
ಅವನ ಸೋದರತ್ತೆಯ ಹೆಣದ ಮುಂದೆ.
ಗಮ್ಮು ನನ್ನದು. ಎಂಬತ್ತೊಂಬತ್ತನೆ ಇಸವಿ.
ಗಮ್ಮಿನವಳಿಗೇ ಇನ್ನೂರು ಲೈಕು.

ಬೆಳಿಗ್ಗೆ ಪರದೆ ಹೇಳಿತು: ಈ ಪೋಸ್ಟು ಚೆನ್ನಾಗಿ ಓಡುತ್ತಿದೆ,
ಇಪ್ಪತ್ತು ಯೂರೋ ಕೊಟ್ಟರೆ ಇನ್ನಷ್ಟು ಜನರನ್ನು ತಲುಪುತ್ತೀರಿ.
ಟರ್ಲಾನಿಗೆ ಓದಿ ಹೇಳಿದೆ.
ಅವನು ಕರಿಕೋಟಿನ ತೋಳಿಗೆ ಬ್ರಷ್ ಹಾಕುತ್ತಿದ್ದ.
"ತಲುಪೋದಕ್ಕೆ ದುಡ್ಡು ಯಾಕೆ," ಅಂದ.
"ಇಲ್ಲೀತನಕ ಒಬ್ಬರೂ ತಪ್ಪಿಸಿಕೊಂಡಿಲ್ಲ."

ನಾನು ನಕ್ಕೆ. ಗ್ರಾನ್ಯ ನಗಲಿಲ್ಲ,
ವ್ಯಾನಿನ ಕೀಲಿ ಹುಡುಕುತ್ತಿದ್ದಳು.

ಬೇಕರಿಯ ಪೋಸ್ಟು ಬಾಕಿಯಿತ್ತು. ಬರೆಯಲು ಕೂತೆ:
"ಬಾಯಲ್ಲಿ ಕರಗುವ"
ಅಳಿಸಿದೆ.
ಕೋಟು ಹಾಕಿಕೊಂಡು ಅಕ್ಕತಂಗಿಯರ ಅಂಗಡಿಗೆ ನಡೆದೆ,
ಹಿಂಬಾಗಿಲು ಎಲ್ಲಿದೆ ಅಂತ ಕೇಳಿದೆ.