ಎರಡನೇ ಪಾಳಿ

ಭದ್ರಾವತಿಯ ಕಾಗದದ ಮಿಲ್ಲಿಗೆ ಬೀಗ ಬಿದ್ದ ಮೇಲೂ
ಮೂರನೇ ಗೋದಾಮಿನ ಸಜ್ಜದಡಿ
ಕಾಗದ ತಯಾರಾಗುತ್ತಲೇ ಇತ್ತು:
ಒಣಮರ ಕೆರೆದು, ಎಂಜಲಲ್ಲಿ ಕಲಸಿ,
ಬಾಯಲ್ಲೇ ಹಾಳೆ ತೀಡುವ ಕಣಜದ ಹುಳುಗಳು.

ಶಂಕರಘಟ್ಟದಿಂದ ಬಂದ ಜೆಸಿಂತಾ
ಸ್ಟೂಲು ಹತ್ತಿ, ಉಸಿರು ಬಿಗಿಹಿಡಿದು,
ಒಂದೊಂದರ ಬೆನ್ನಿಗೂ ಬಣ್ಣದ ಚುಕ್ಕೆ ಇಟ್ಟಳು.
ಸ್ಟೂಲು ಹಿಡಿಯುವುದು ನನ್ನ ಕೆಲಸ.
ಇಪ್ಪತ್ತಾರು ವರ್ಷ ಪಲ್ಪಿನ ತೊಟ್ಟಿ ಕಾದವನಿಗೆ
ಈಗ ದಿನಗೂಲಿ, ಒಂದು ನೋಟ್‌ಬುಕ್ಕು.
ಬರೆಯುತ್ತೇನೆ: ಹಳದಿ-ನೀಲಿ ಹೊರಟಿತು, ೯.೧೦.
ಕೆಂಪು ಬರಿಬಾಯಲ್ಲಿ ಬಂತು,
ಬೈಸಿಕೊಂಡಿತು.

ರಾಣಿ ಯಾವುದೆಂದೆ. ಎಲ್ಲಕ್ಕಿಂತ
ಮೆತ್ತಗೆ ಕೂತ ಬಿಳಿಚುಕ್ಕೆ ತೋರಿಸಿದಳು.
ನಮ್ಮ ಮ್ಯಾನೇಜರು ಹಾಗಿರಲಿಲ್ಲ.

ಗುರುವಾರ ಬಿಳಿಚುಕ್ಕೆಯನ್ನು ಇಕ್ಕಳದಲ್ಲೆತ್ತಿ ಸೀಸೆಗೆ ಹಾಕಿದಳು.
ಅರ್ಧ ಗಂಟೆಯೊಳಗೆ
ಹಸಿರೊಂದು ಎದ್ದು ಎಲ್ಲರನ್ನೂ ಗದರಿತು.
ಯಾರೂ ತಕರಾರು ತೆಗೆಯಲಿಲ್ಲ.
"ಮುಂದಿನವಳು ಯಾರೆಂದು ಅವಕ್ಕೆ ಮೊದಲೇ ಗೊತ್ತು,
ಗೊತ್ತಿಲ್ಲದ್ದು ನಮಗೇ" ಅಂದಳು ಜೆಸಿಂತಾ,
ಮೂರು ವರ್ಷದ ಲೆಕ್ಕ ಮಡಿಲಲ್ಲಿಟ್ಟುಕೊಂಡು.

ಹಸಿರಿನ ಪುಟ ತಿರುವಿದೆ. ನನ್ನದೇ ಅಕ್ಷರ,
ನಿನ್ನೆಯವರೆಗೂ:
ಕೂತಿದೆ. ಕೂತಿದೆ. ಕೂತಿದೆ.

ಎರಡು ಗಂಟೆಗೆ, ಸೈರನ್ ಕೂಗುತ್ತಿದ್ದ ಹೊತ್ತಿಗೆ,
ಹಳದಿ-ನೀಲಿ ಹಿಂದಿರುಗಿತು,
ಬಾಯಿ ತುಂಬ
ನಮ್ಮ ಹಳೇ ಗೇಟಿನ ಮರ.